ತೊಟ್ಟಿಯ ತಿಳಿ

ಆದೋನಿ, ೪ ಮೇ ೧೯೫೯

ನೀರಿನ ಬಂಡಿ ಇವತ್ತೂ ತಡ. ತೊಟ್ಟಿಗಳ ಹಳೆಯ ನೀರು ತೆಗೆಸಿ ಹೊಸದು ತುಂಬಿಸುವಷ್ಟರಲ್ಲಿ ಬಿಸಿಲು ಏರಿತ್ತು. ಸಿಮೆಂಟಿನ ಗಟ್ಟಿಗಳು ಮತ್ತೆ ಮುಳುಗಿ ಕುಳಿತಿವೆ. ಬೂದು ಬಣ್ಣ, ಬಿಂದಿಗೆಯಷ್ಟು ಗಾತ್ರ. ಪ್ರತಿಯೊಂದರ ಹೊಟ್ಟೆಯಲ್ಲೂ ಬೊಂಬಾಯಿಯಿಂದ ಬಂದ ಚೂರು ವಿಷ— ರೇಡಿಯೋ ಸ್ಟ್ರಾನ್ಷಿಯಂ. ಅಣುಶಕ್ತಿಯ ಕಾರ್ಖಾನೆಗಳು ಮುಂದೆ ಉಳಿಸಲಿರುವ ಕಸವನ್ನು ಸಿಮೆಂಟು ಹಿಡಿದಿಡಬಲ್ಲುದೇ? ನನ್ನ ಫೆಲೋಶಿಪ್ಪಿನ ಪ್ರಶ್ನೆ ಇಷ್ಟೇ. ಸೋರಿದರೆ ತೊಟ್ಟಿಯ ನೀರಿನಲ್ಲಿ ಗೊತ್ತಾಗಬೇಕು. ಒಂದಿಷ್ಟು ನೀರು ಬತ್ತಿಸಿ, ತಳದ ಉಪ್ಪನ್ನು ವಿಕಿರಣ ಎಣಿಸುವ ಕೌಂಟರಿನ ಕೆಳಗಿಡುತ್ತೇನೆ. ಮಿಕ್ಕದ್ದನ್ನು ಕೆಲಸದ ಪಕೀರಮ್ಮ ಹಿತ್ತಲ ಗುಂಡಿಗೆ ಚೆಲ್ಲುತ್ತಾಳೆ.

ಎಂ.ಎಸ್ಸಿ. ಮಾಡಿ ಇಷ್ಟು ವರ್ಷ ಹೈಸ್ಕೂಲಿನಲ್ಲಿ ಸೀಮೆಸುಣ್ಣ ಹಿಡಿದವಳಿಗೆ ನಲವತ್ತೆಂಟರ ವಯಸ್ಸಿನಲ್ಲಿ ಒಂದು ಲ್ಯಾಬು. ಲ್ಯಾಬು ಅಂದರೆ ತಮ್ಮ ಕೊಟ್ರಬಸಪ್ಪನ ಹತ್ತಿ ಗೋಡೌನು. ಬಾಗಿಲಲ್ಲಿ ನಿಂತು ನಕ್ಕ.

"ಬೊಂಬಾಯಿ ಕಸ ಹಾಕಾಕ ನನ್ನ ಗೋಡೌನೇ ಬೇಕಾತೇನಕ್ಕ? ಬಾಡಿಗಿ ಬ್ಯಾಡ. ನನ್ನ ಹತ್ತಿಗಿ ಹತ್ತದಂಗ ನೋಡ್ಕೋ, ಅಷ್ಟ ಸಾಕು."

೭ ಮೇ

ಮಧ್ಯಾಹ್ನ ಕವಿತೆ ಓದುತ್ತ ಕುಳಿತಿದ್ದಾಗ ಹೊಳೆದದ್ದು: ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ, ನೀರು ಕುಡಿದು ಗಟ್ಟಿಯಾಗುತ್ತದೆ. ಇದು ಯಾವ ಕವಿಯ ಕಣ್ಣಿಗೂ ಬೀಳಲಿಲ್ಲವಲ್ಲ... ಸಿಮೆಂಟು ವಿಷವನ್ನು ಮುನ್ನೂರು ವರ್ಷ ಹಿಡಿದಿರಬೇಕು ಎನ್ನುತ್ತಾರೆ ಗೈಡ್ ಡಾ. ಪಂಚಾಕ್ಷರಯ್ಯನವರು. ಅಷ್ಟು ಕಾಲಕ್ಕೆ ಗಟ್ಟಿಯ ಮೇಲೆ ಬರೆದ ಎಚ್ಚರಿಕೆಯ ಅಕ್ಷರವನ್ನು ಓದುವವರಿರುತ್ತಾರೋ ಇಲ್ಲವೋ.

೧೨ ಮೇ

ಸೋರುತ್ತಿದೆ. ಪತ್ತಿಕೊಂಡದ ಸುಣ್ಣ ಹೆಚ್ಚು ಬೆರೆಸಿದ ಗಟ್ಟಿಗಳೆಲ್ಲ. ಬಟ್ಟಲು ಇಟ್ಟ ಕೂಡಲೇ ಕೌಂಟರಿನ ಸದ್ದು, ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ.

ಹಾಗಾದರೆ ನೀರು ಚೆಲ್ಲುವ ಗುಂಡಿ? ಕೌಂಟರು ಹಿಡಿದು ಹಿತ್ತಲಿಗೆ ಹೋದೆ. ಅಲ್ಲೊಂದು ಇಲ್ಲೊಂದು ಟಿಕ್, ಊರಲ್ಲಿ ಎಲ್ಲಿ ಹಿಡಿದರೂ ಬರುವಷ್ಟೇ. ಬಗ್ಗಿ ನೋಡಿದೆ. ಬಿರುಕು ಬಿಟ್ಟ ಕರಿಮಣ್ಣು. ಕೆದಕಿದರೆ ಧೂಳು.

ಈ ಗುಂಡಿಗೆ ನೀರು ಬಿದ್ದೇ ಇಲ್ಲ.

೧೩ ಮೇ

ಬರುತ್ತಿದ್ದಂತೆಯೇ ಕೇಳಿದೆ. "ತೊಟ್ಟಿ ನೀರು ಎಲ್ಲಿ ಚೆಲ್ಲಾಕತ್ತಿ, ಪಕೀರಮ್ಮ?"

"ಈ ಬ್ಯಾಸಿಗ್ಯಾಗ ನೀರು ಯಾರನ ಚೆಲ್ತಾರೇನ್ರಿ, ಅಮ್ಮಾರ?" ನನಗೇ ಬುದ್ಧಿ ಹೇಳುವವಳಂತೆ ಅಂದಳು. "ಮನಿಗಿ ಒಯ್ತೀನಿ. ಬಾಂಡೆ ತಿಕ್ಕಾಕ, ನೆಲ ಸಾರಸಾಕ. ಮ್ಯಾಲಿನ ತಿಳಿ ಮಾತ್ರ ಸೊಸಿಗಿ."

"ಸೊಸಿಗಿ ಯಾಕ?"

"ಉರುಕುಂದಮ್ಮಗ ಎಂಟು ತುಂಬಾಕ ಬಂತಲ್ರಿ. ಸುಣ್ಣದ ತಿಳಿ ಕುಡಿದ್ರ ಕೂಸಿನ ಎಲುಬು ಗಟ್ಟಿ ಆಗ್ತಾವ. ನಾವು ಎಲಿ ಡಬ್ಬ್ಯಾಗಿನ ಸುಣ್ಣ ಕದಡಿ ಕೊಡೋರು. ನಿಮ್ಮದು ಅದಕಿಂತ ಚಲೋ ಐತಿ, ಗಾಜಿನಂಗ. ದಿನಾ ಒಂದು ಚಮಚ. ಆಕಿ ಮಾರಿ ಸಿಂಡರಿಸ್ತಾಳ, ನಾ ಬಿಡಂಗಿಲ್ಲ."

ಎಲುಬು. ಸ್ಟ್ರಾನ್ಷಿಯಂ ಹೋಗಿ ಕೂರುವುದೂ ಅಲ್ಲೇ. ದೇಹ ಅದನ್ನು ಸುಣ್ಣವೆಂದೇ ತಿಳಿದು ಜಾಗ ಕೊಡುತ್ತದೆ. ಕೂತದ್ದು ಏಳುವುದಿಲ್ಲ.

ತೊಟ್ಟಿಯ ಮುಂದೆ ಅಡ್ಡ ನಿಂತೆ. "ಇನ್ನ ಕೊಡಬ್ಯಾಡ. ಅದರಾಗ ವಿಷ ಐತಿ."

"ನಾನೂ ಕುಡಿದು ನೋಡೀನಿ. ನಿಮ್ಮ ಮುಂದ ನಿಂತಿಲ್ಲೇನು?"

"ಇವತ್ತ ಕಾಣಂಗಿಲ್ಲ ಅದು."

"ಮತ್ತ ಯಾವಾಗ ಕಾಣತೈತ್ರಿ?"

"ಹತ್ತು ವರ್ಷಕ್ಕ... ಇಪ್ಪತ್ತಕ್ಕ..."

"ಅಬ್ಬೋ." ನಕ್ಕಳು. "ಅಷ್ಟು ದಿನ ಬದುಕಿದ್ರ ನೋಡೋಣಂತ ಬಿಡ್ರಿ."

ಗೋಡೌನಿಗೆ ಬೀಗ ಹಾಕಿದೆ. ಗೈಡಿಗೆ ತಂತಿ ಕೊಟ್ಟು ಬಂದೆ.

೨೧ ಮೇ

ಡಾ. ಪಂಚಾಕ್ಷರಯ್ಯನವರು ಮೇಲ್ ಗಾಡಿಯಲ್ಲಿ ಬಂದಿಳಿದರು. ಗಟ್ಟಿಗಳನ್ನು ನೋಡಲೇ ಇಲ್ಲ. ಕೇಳಿದ್ದೆಲ್ಲ ಉರುಕುಂದಮ್ಮನ ಬಗ್ಗೆ— ಯಾವಾಗಿನಿಂದ ಕುಡಿಯುತ್ತಿದ್ದಾಳೆ, ಎಷ್ಟು, ಹೆರಿಗೆ ಯಾವಾಗ.

"ಬಹಳ ಅಲ್ಪ ಪ್ರಮಾಣ. ಗಾಬರಿಯಾಗಬೇಡಿ."

"ಅಪಾಯವಿಲ್ಲ ಅನ್ನುವುದಕ್ಕೆ ಆಧಾರ, ಸರ್?"

"ಅದೇ ಇಲ್ಲ ನೋಡಿ." ಕನ್ನಡಕ ತೆಗೆದು ಒರೆಸಿದರು. "ಇಲಿಗಳದ್ದಿದೆ. ಬಸುರಿ ಹೆಂಗಸಿನದು ಯಾರ ಹತ್ತಿರವೂ ಇಲ್ಲ. ಹೆತ್ತ ಮೇಲೆ ತಾಯಿಯ ಹಾಲು ಒಂದು ಸೀಸೆ ಸಿಕ್ಕರೆ... ಬೀಗ ತೆಗೆಸಿ. ಕುಡಿಯಿರಿ ಅನ್ನಬೇಡಿ, ಬೇಡ ಅಂತಲೂ ಅನ್ನಬೇಡಿ. ನಡೆದ ಹಾಗೆ ನಡೆಯಲಿ. ನಿಮ್ಮ ಫೆಲೋಶಿಪ್ಪನ್ನು ಇನ್ನೆರಡು ವರ್ಷ ಮುಂದುವರಿಸಲು ನಾನೇ ಬರೆಯುತ್ತೇನೆ."

ತಮ್ಮನ ಮನೆಯಲ್ಲಿ ಊಟ. ಶೇಂಗಾ ಚಟ್ನಿಯನ್ನು ಹೊಗಳಿ ಎರಡನೆಯ ಸಲ ಹಾಕಿಸಿಕೊಂಡರು. ಸಂಜೆಯ ಗಾಡಿಗೆ ಹೊರಟರು.

೨೨ ಮೇ

ಎರಡು ವರ್ಷ. ಆಸೆಯಾಗಲಿಲ್ಲ ಎಂದು ಬರೆಯಲಾರೆ. ಪುಸ್ತಕ ತೆರೆದಿಟ್ಟುಕೊಂಡು ಕುಳಿತೆ. ಒಂದು ಪುಟವೂ ಮಗುಚಲಿಲ್ಲ.

೨೩ ಮೇ

ಮುಗಿಸಿಬಿಟ್ಟೆ. ಇಬ್ಬರು ಹಮಾಲರನ್ನು ಕರೆಸಿ ಗುಂಡಿಯನ್ನು ಆಳ ಮಾಡಿಸಿದೆ. ಗಟ್ಟಿಗಳನ್ನು ಇಳಿಸಿದ್ದಾಯಿತು. ತೊಟ್ಟಿಗಳ ನೀರು ನಾನೇ ಸುರಿದೆ. ಕರಿಮಣ್ಣು ಗಟಗಟನೆ ಕುಡಿಯಿತು.

ಓಣಿಯ ಹೆಂಗಸರು ಗೋಡೆಯಾಚೆ ಖಾಲಿ ಕೊಡ ಹಿಡಿದು ನಿಂತಿದ್ದರು. ಅವರಲ್ಲೊಬ್ಬಳು, ಶಂಕರಮ್ಮ, ಎಲ್ಲರಿಗೂ ಕೇಳುವಂತೆ ಅಂದಳು: "ಮಣ್ಣಿಗಿ ಕೊಡಾಕ ಮನಸೈತಿ. ನಮ್ಮ ಕೊಡಕ್ಕ ಹಾಕಿದ್ರ ಮೈಲಿಗಿ."

ವಿಷ ಎಂದೆ. ಕೌಂಟರಿನ ಸದ್ದು ಕೇಳಿಸಿದೆ. ಮಕ್ಕಳು ಇನ್ನೊಮ್ಮೆ ಎಂದು ಕೈ ತಟ್ಟಿದವು.

ಪಕೀರಮ್ಮ ಮಾತ್ರ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ ಅನ್ರಿ, ಅಮ್ಮಾರ. ವಿಷ ಅಂತ ಸುಳ್ಳ್ಯಾಕ ಹೇಳ್ತೀರಿ?"

ಉತ್ತರಕ್ಕೆ ಕಾಯದೆ ಹೊರಟುಹೋದಳು. ಬೊಂಬಾಯಿಗೆ ರಾಜೀನಾಮೆ ಕಳಿಸಿದೆ.

೧೬ ಜೂನ್, ಸಂಜೆ

ಅಂದಿನಿಂದ ಪಕೀರಮ್ಮ ಈ ಕಡೆ ಸುಳಿದಿರಲಿಲ್ಲ. ಉರುಕುಂದಮ್ಮ ಹೆತ್ತಳು ಎಂದು ತಮ್ಮನ ಮನೆಯ ಆಳು ಹೇಳಿದ. ಕರೆ ಇಲ್ಲದಿದ್ದರೂ ಹೋದೆ.

ಹೆಣ್ಣುಮಗು. ಕೈಕಾಲು, ಬೆರಳು, ಎಲ್ಲ ಸರಿಯಾಗಿವೆ. ನೋಡಿದರೆ ಏನೂ ಕಾಣುವುದಿಲ್ಲ... ಕಾಣುವುದಿಲ್ಲವೆಂದು ನನಗೆ ಗೊತ್ತಿತ್ತು, ಆದರೂ ನೋಡಿದೆ. ಉರುಕುಂದಮ್ಮ ಸೋತು ನಗುತ್ತಿದ್ದಳು. ಪಕೀರಮ್ಮನ ಸಿಟ್ಟೂ ಇಳಿದಿತ್ತು. ಕೂತ್ಕೋರಿ ಎಂದು ಮಣೆ ಕೊಟ್ಟಳು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಹಾಲು ಕುಡಿಸುವ ಒಳಲೆಗೆ ಒಂದು ಸೀಸೆಯಿಂದ ಹನಿ ಬಗ್ಗಿಸುತ್ತಿದ್ದಳು.

"ಏನದು?"

"ಸುಣ್ಣದ ತಿಳಿರಿ. ಹಾಲು ಕಕ್ಕಾಕತ್ತೈತಿ ಕೂಸು. ಎಲ್ಡು ಹನಿ ಬಿದ್ರ ನಿಲ್ತೈತಿ."

"ಎಲ್ಲೀದು?"

ತಲೆ ಎತ್ತಲಿಲ್ಲ. "ನೀವು ಬೀಗ ಹಾಕೂಕಿಂತ ಮೊದಲಽ ಎತ್ತಿಟ್ಟಿದ್ದೆ, ಕೂಸಿಗಿ ಅಂತ. ಅದನ್ನೂ ಕಸಗೋತೀರೇನು?"

ಎದ್ದೆ. ಮಣೆ ಉರುಳಿತು. ಒಳಲೆ ಮಗುವಿನ ತುಟಿಗೆ ತಾಕಿತ್ತು. ನಾನು ಕೈ ಚಾಚುವಷ್ಟರಲ್ಲಿ ಅದು ಬಾಯಿ ತೆರೆಯಿತು.