ಮಾವಿನ ಕಾಟಾದ ಮೇಲೆ ಮಗಳು

ಶ್ರೀನಿವಾಸಪುರ
2 ಜುಲೈ 2025, ಬುಧವಾರ

ಶಿವಾನಿಯ ಅಪ್ಪನವರಿಗೆ,

ಮೊದಲು ಕ್ಷೇಮ ಸಮಾಚಾರ ಬರೆಯಬೇಕಲ್ಲವೆ? ನಾನು ಚೆನ್ನಾಗಿದ್ದೇನೆ. ನಿಮ್ಮ ಮಗಳು ಚೆನ್ನಾಗಿಲ್ಲ. ನೀವು ಹೇಗಿದ್ದೀರಿ ಎಂದು ಕೇಳುವಷ್ಟು ಒಳ್ಳೆಯತನ ಸದ್ಯಕ್ಕೆ ನನ್ನಲ್ಲಿ ಉಳಿದಿಲ್ಲ. ಫೋನ್ ಮಾಡಿದರೆ ನನ್ನ ಅರ್ಧ ಮಾತಿಗೇ ನೀವು ನಿಮ್ಮ ಪಿ.ಟಿ. ಮೇಷ್ಟ್ರ ಪಾಠ ಶುರು ಮಾಡುತ್ತೀರಿ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಶಿವಾನಿ ಒಳಗೆ ಮಲಗಿದ್ದಾಳೆ. ನಾನು ಹೀಗೆ ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ.

ನಾಲ್ಕು ದಿನದ ಸೈಕಲ್ ಓಟದ ಕೊನೆಯ ದಿನ, ಭಾನುವಾರ, ತೇರಹಳ್ಳಿ ಬೆಟ್ಟದ ಮೇಲೆ ನೀವು ಮಾಡಿದ್ದು ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಅವಳು ಎಲ್ಲರಿಗಿಂತ ಮೊದಲು ಮೇಲೆ ಬಂದಳು. ಬಂದವಳಿಗೆ ಸೈಕಲ್ಲಿನಿಂದ ಇಳಿಯಲೂ ಆಗಲಿಲ್ಲ, ಹ್ಯಾಂಡಲ್ ಮೇಲೆ ತಲೆ ಇಟ್ಟುಬಿಟ್ಟಳು. ನಾನು ನೀರು ಹಿಡಿದುಕೊಂಡು ಓಡಿ ಬರುವಷ್ಟರಲ್ಲಿ ನೀವು ಪಕ್ಕದಲ್ಲಿದ್ದಿರಿ. ಬೆನ್ನು ಸವರುತ್ತೀರಿ ಅಂದುಕೊಂಡೆ. ನೀವು ಅವಳ ತೋಳನ್ನು ಎರಡು ಬೆರಳಲ್ಲಿ ಹಿಂಡಿ, "ಇಲ್ಲಿ ಇನ್ನೂ ಐತೆ ನೋಡು. ಇನ್ನೆರಡು ಕೆಜಿ ಇಳಿಸಿದ್ದಿದ್ರೆ ಓಟಾನೇ ನಮ್ದಾಗ್ತಿತ್ತು," ಅಂದಿರಿ. ಮಾವಿನ ಮಂಡಿಯಲ್ಲಿ ದಲ್ಲಾಳಿಗಳು ಹಣ್ಣು ಹಿಚುಕಿ ನೋಡುವುದು ಹೀಗೆಯೇ. ಸುತ್ತ ಜನ ಚಪ್ಪಾಳೆ ತಟ್ಟುತ್ತಿದ್ದರು, ಆದ್ದರಿಂದ ನಾನು ಸುಮ್ಮನಿದ್ದೆ.

ಈಗ ಸುಮ್ಮನಿರುವುದಿಲ್ಲ.

ನಿಮ್ಮ ಸಿದ್ಧಾಂತವನ್ನು ನಾಲ್ಕು ವರ್ಷದಿಂದ ಕೇಳಿ ನನಗೂ ಬಾಯಿಪಾಠವಾಗಿದೆ. ನಾಲ್ಕು ದಿನದ ಸಮಯ ಕೂಡಿಸಿದಾಗ ಯಾರದು ಕಡಿಮೆಯೋ ಅವರು ಗೆದ್ದ ಹಾಗೆ. ಕೋಲಾರದ ಸೈಕಲ್ ಕ್ಲಬ್ಬಿನ ಕಾಂತರಾಜ್ ಅವರು ನಿಮಗೆ ಒಂದು ಸಲ, "ಬರೀ ಬೆಟ್ಟ ಹತ್ತೋ ಹುಡುಗೀರು ಇಂಥಾ ಓಟ ಗೆಲ್ಲೋದಿಲ್ಲ ಸಾರ್, ಮಿಕ್ಕ ಮೂರು ದಿನ ಬಯಲಲ್ಲಿ ಕಳಕೊಂಡುಬಿಡ್ತಾರೆ," ಅಂದರಂತೆ. ಅದು ನಿಮಗೆ ಬೈಗುಳದ ಹಾಗೆ ತಗುಲಿತು. ಬಯಲಲ್ಲಿ ಬೇರೆಯವರ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಂಡು ಬಂದರೆ ಸಾಕು, ಕೊನೆಯ ದಿನ ಬೆಟ್ಟದಲ್ಲಿ ಕಳೆದ ಸಮಯವನ್ನೆಲ್ಲ ವಾಪಸ್ ಕಿತ್ತುಕೊಳ್ಳಬಹುದು ಎಂದು ನೀವು ಹಟ ಹಿಡಿದಿರಿ. ಅದಕ್ಕೆ ಮೈ ಹಗುರ ಇರಬೇಕು, ಎಷ್ಟು ಹಗುರವೋ ಅಷ್ಟು ಒಳ್ಳೆಯದು. ನಿಮ್ಮ ಜ್ಞಾನ ಅಷ್ಟಕ್ಕೇ ಮುಗಿಯಿತು.

ಗಾಳಿ ತಪ್ಪಿಸಿಕೊಳ್ಳಲು ಬೆನ್ನೇ ಇಲ್ಲದ ದಿನ ಏನಾಗುತ್ತದೆ ಎಂದು ನಾನು ಎರಡನೆಯ ದಿನ ದೇವರಾಯಸಮುದ್ರದ ಕೆರೆ ಏರಿಯ ಮೇಲೆ ನಿಂತು ನೋಡಿದೆ. ಅವತ್ತು ಒಬ್ಬೊಬ್ಬರೇ ಗಡಿಯಾರದ ಎದುರು ಓಡಬೇಕಿತ್ತು. ಆಷಾಢದ ಗಾಳಿ, ಸೀರೆ ಸೆರಗು ಹಿಡಿದುಕೊಳ್ಳಲು ನನಗೇ ಎರಡು ಕೈ ಬೇಕಾಯಿತು. ಮುಳಬಾಗಿಲಿನ ನಾಹಿದ್ ಆ ಗಾಳಿಯನ್ನು ಸೀಳಿಕೊಂಡು ಹೋದಳು. ಗಟ್ಟಿಮುಟ್ಟಾದ ಹುಡುಗಿ, ತೊಡೆ ತುಂಬಿಕೊಂಡಿದೆ, ನೋಡಿದರೆ ಕಣ್ಣು ತಣ್ಣಗಾಗುತ್ತದೆ. ಅವಳ ಹಿಂದೆ ನಮ್ಮ ಶಿವಾನಿ ಬಂದಳು. ಗಾಳಿ ಅವಳನ್ನು ರಸ್ತೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತಳ್ಳುತ್ತಿತ್ತು. ಅವಳ ಭುಜದ ಮೂಳೆ ಅಂಗಿಯೊಳಗಿಂದ ಎದ್ದು ಕಾಣುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು, "ಪಾಪ, ಯಾರಮ್ಮಾ ಈ ಹುಡ್ಗಿ, ಮನೇಲಿ ಹಿಟ್ಟಿಕ್ಕಲ್ವಾ?" ಅಂದರು. ಅದು ನನ್ನ ಮಗಳು ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ.

ಮಾರನೆಯ ದಿನ ಯಲ್ದೂರಿನ ಮೇಲೆ ಹಾದು ಇಲ್ಲಿ ಬಂದು ಮುಗಿಸಿದರಲ್ಲ, ಆಗ ನಾಹಿದಳ ತಾಯಿ ಬಷೀರಾ ಅವರು ತಮ್ಮ ಮಗಳಿಗೆ ತಂದಿದ್ದ ಖರ್ಜೂರದ ಡಬ್ಬಿಯನ್ನು ಶಿವಾನಿಗೂ ಚಾಚಿ, "ಖಾಲೇ ಬೇಟಿ, ತಗೋಮ್ಮಾ," ಅಂದರು. ಶಿವಾನಿ ಡಬ್ಬಿ ನೋಡಲಿಲ್ಲ. ಹತ್ತು ಮಾರು ದೂರದಲ್ಲಿ ನಿಂತಿದ್ದ ನಿಮ್ಮ ಮುಖ ನೋಡಿದಳು. ಆಮೇಲೆ, ಬೇಡ ಆಂಟಿ, ಹಸಿವಿಲ್ಲ ಅಂದಳು. ಮೂರು ದಿನ ಸೈಕಲ್ ತುಳಿದ ಹತ್ತೊಂಬತ್ತು ವರ್ಷದ ಹುಡುಗಿ ಹಸಿವಿಲ್ಲ ಅನ್ನುತ್ತಾಳೆ, ನೀವು ಅದಕ್ಕೆ ತಲೆ ಆಡಿಸುತ್ತೀರಿ. ಛೀ.

ಕೊನೆಗೆ ಬೆಟ್ಟದಲ್ಲಿ ಗೆದ್ದರೂ ಒಟ್ಟು ಲೆಕ್ಕದಲ್ಲಿ ನಾಹಿದ್ ಹದಿನೆಂಟು ಸೆಕೆಂಡ್ ಮುಂದಿದ್ದಳು. ನಾನು ಅಡುಗೆಮನೆಯಲ್ಲಿ ಕದ್ದುಮುಚ್ಚಿ ಮಗಳಿಗೆ ತಿನ್ನಿಸಿದ್ದರಿಂದ ಆ ಹದಿನೆಂಟು ಸೆಕೆಂಡ್ ಹೋಯಿತು ಎಂದು ನೀವು ನಿನ್ನೆ ಫೋನಿನಲ್ಲಿ ಕೂಗಾಡಿದಿರಿ. ಬರುವ ಭಾನುವಾರ ಬಂದು, ಅವಳನ್ನು ಬೆಟ್ಟದ ಅಭ್ಯಾಸಕ್ಕೆ ಎರಡು ತಿಂಗಳು ನಿಮ್ಮ ಜೊತೆ ನೀಲಗಿರಿಗೆ ಕರೆದುಕೊಂಡು ಹೋಗಿ, ನನ್ನ ಅಡುಗೆಯ ಗಾಳಿಯೂ ಸೋಕದ ಹಾಗೆ ನೋಡಿಕೊಳ್ಳುತ್ತೇನೆ ಅಂದಿರಿ. ಅವಳ ಮುಂದಿನ ಎರಡು ತಿಂಗಳು ಏನಾಗಬೇಕು ಅನ್ನುವುದಕ್ಕೇ ಈ ಕಾಗದ.

ಒಂದು ವಿಷಯ ನೇರವಾಗಿ ಕೇಳುತ್ತೇನೆ. ಅವಳ ತೂಕ ನಲವತ್ಮೂರು ಎಂದು ನಿಮಗೆ ಹೇಳಿದವರು ಯಾರು?

ನಾಲ್ಕು ವರ್ಷ ಪ್ರತಿ ಭಾನುವಾರ ನೀವು ಮಾಲೂರಿನಿಂದ ಬಂದು ಅವಳನ್ನು ನಿಮ್ಮ ಅಣ್ಣನ ಮಾವಿನ ಮಂಡಿಗೆ ಕರೆದುಕೊಂಡು ಹೋಗುತ್ತಿದ್ದಿರಿ. ಮಾವಿನ ಕ್ರೇಟುಗಳನ್ನು ಪಕ್ಕಕ್ಕೆ ಸರಿಸಿ, ಹಮಾಲಿಗಳೆಲ್ಲ ನೋಡುತ್ತಿರುವಾಗ ಅವಳನ್ನು ತೂಕದ ಕಾಟಾದ ಮೇಲೆ ನಿಲ್ಲಿಸುತ್ತಿದ್ದಿರಿ. ನಿಮ್ಮ ಅಣ್ಣ ಮುನಿಯಲ್ಲಪ್ಪನವರು ಗಲ್ಲಾದಲ್ಲಿ ಕೂತಲ್ಲಿಂದಲೇ ನಿಮ್ಮನ್ನು ಕರೆದು, "ಏಮಪ್ಪಾ ಉಮಾ, ಈ ಕಾಯಿಗೆ ಯಾವ ರೇಟು ಹಾಕೋಣ?" ಎಂದು ಕೇಳಿ ನಗುತ್ತಿದ್ದರು. ನೀವೂ ನಗುತ್ತಿದ್ದಿರಿ. ಹುಡುಗಿ ಮನೆಗೆ ಬಂದು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಎಷ್ಟೋ ಹೊತ್ತು ಇರುತ್ತಿದ್ದಳು. ಆ ನಗು ನೆನೆಸಿಕೊಂಡರೆ ಇವತ್ತಿಗೂ ನನಗೆ ಮೈಯೆಲ್ಲ ಹೇಸಿಗೆ ಮೆತ್ತಿದ ಹಾಗಾಗುತ್ತದೆ.

ಕಾಟಾ ಯಾವಾಗಲೂ ನಲವತ್ಮೂರು ತೋರಿಸುತ್ತಿತ್ತು. ಅವಳು ಮುದ್ದೆ ತಿನ್ನುತ್ತಿದ್ದಳು, ಅವರೆಕಾಳು ಸಾರು ತಿನ್ನುತ್ತಿದ್ದಳು, ಕಾಲ ಬಂದಾಗ ಬಾದಾಮಿ ಮಾವಿನ ಹಣ್ಣು ತಿನ್ನುತ್ತಿದ್ದಳು. ನಲವತ್ಮೂರು ಅವಳ ಅದೃಷ್ಟದ ಸಂಖ್ಯೆ ಎಂದು ನೀವು ಊರಿಗೆಲ್ಲ ಸಾರಿದಿರಿ. ಹೋದ ವರ್ಷ ಇದೇ ತೇರಹಳ್ಳಿ ಬೆಟ್ಟದಲ್ಲಿ ಅವಳು ಹೇಗೆ ಹತ್ತಿದಳು! ಬಯಲಲ್ಲೂ ನಾಹಿದಳಿಗಿಂತ ಅಷ್ಟೇನೂ ಹಿಂದೆ ಬಿದ್ದಿರಲಿಲ್ಲ. ಮೂರನೆಯ ದಿನ ಚೈನು ಕಿತ್ತು ಹೋಗದಿದ್ದರೆ ಓಟವೇ ಅವಳದಾಗುತ್ತಿತ್ತು ಎಂದು ಆ ಕಾಂತರಾಜ್ ಅವರೇ ಬಾಯಿಬಿಟ್ಟು ಹೇಳಿದ್ದರು.

ಈ ಸಲ ಮೇ ತಿಂಗಳ ರಜೆಗೆ ಅವಳು ನಿಮ್ಮ ಮನೆಗೆ ಬಂದಳು. ನೀವು ಹೊಸ ತೂಕದ ಮಷೀನು ತಂದಿದ್ದಿರಿ. ಅದರ ಮೇಲೆ ನಿಂತರೆ ನಲವತ್ತಾರು. ಅವತ್ತು ನನಗೆ ಫೋನ್ ಮಾಡಿ ಹೇಗೆ ಬೈದಿರಿ ನೆನಪಿದೆಯೆ? ತಾಯಿ ಮಗಳು ಸೇರಿ ಹಾಳು ಮಾಡಿದಿರಿ, ಮೂರು ಕೆಜಿ ಕೊಬ್ಬು ಬಂದಿದೆ ಅಂದಿರಿ. ಮುದ್ದೆ ನಿಲ್ಲಿಸಿದಿರಿ. ಮಾವಿನ ಊರಿನ ಹುಡುಗಿಗೆ ಈ ವರ್ಷ ಒಂದು ಹೋಳು ಹಣ್ಣು ಮುಟ್ಟಿಸಲಿಲ್ಲ. ಸೌತೆಕಾಯಿ, ಮಜ್ಜಿಗೆ, ಮೊಟ್ಟೆಯ ಬಿಳಿ, ಇಷ್ಟರಲ್ಲೇ ದಿನಾ ಸೈಕಲ್ಲಿನಲ್ಲಿ ಟೇಕಲ್‌ಗೆ ಹೋಗಿಬರುವ ಹಾಗೆ ಮಾಡಿದಿರಿ. ಓಟದ ಹೊತ್ತಿಗೆ ನಿಮ್ಮ ನಲವತ್ಮೂರು ನಿಮಗೆ ಸಿಕ್ಕಿತು.

ನಿಮ್ಮ ಅಣ್ಣನ ಕಾಟಾ ಕಡಿಮೆ ತೋರಿಸುತ್ತದೆ. ರೈತರು ತಂದ ಕಾಯಿಯ ತೂಕ ಕಡಿಮೆ ಬರಲಿ ಎಂದು ಅವರೇ ಹಾಗೆ ಮಾಡಿಸಿ ಇಟ್ಟಿರುವುದು. ಇದು ನಿಮಗೆ ಹೊಸ ವಿಷಯವೇನಲ್ಲ. ಯಲ್ದೂರಿನಿಂದ ನಮ್ಮ ಸೋದರಮಾವ ಒಂದು ಟ್ರಾಕ್ಟರ್ ತೋತಾಪುರಿ ತಂದು ಹಾಕಿ, ತೂಕ ನೋಡಿ ಪೆಚ್ಚಾಗಿ ನಮ್ಮ ಮನೆಗೆ ಊಟಕ್ಕೆ ಬಂದಿದ್ದರಲ್ಲ, ಅವರು ಹೋದ ಮೇಲೆ ನೀವು ತಟ್ಟೆ ಮುಂದೆ ಕೂತು, "ನಮ್ಮಣ್ಣನ ಕಾಟಾಗೆ ಸ್ವಲ್ಪ ಹಸಿವು ಜಾಸ್ತಿ ಕಣೇ," ಎಂದು ನಕ್ಕಿರಿ. ನಾವು ಬೇರೆ ಬೇರೆಯಾಗುವುದಕ್ಕೆ ಶುರುವಾದದ್ದು ಆ ನಗುವಿನಿಂದಲೇ ಇರಬೇಕು.

ಅಲ್ಲ, ಮಾವಿಗೆ ಸುಳ್ಳು ಹೇಳುವ ಕಾಟಾ ಮಗಳಿಗೆ ಮಾತ್ರ ನಿಜ ಹೇಳುತ್ತದೆ ಎಂದು ಹೇಗೆ ನಂಬಿದಿರಿ? ಅದರ ಮೇಲೆ ಕಾಯಿ ಇಟ್ಟಾಗ ನೆನಪಿದ್ದದ್ದು ಅವಳು ನಿಂತಾಗ ಹೇಗೆ ಮರೆತು ಹೋಯಿತು? ಬಾಯಿ ಬಿಚ್ಚದ ಇಪ್ಪತ್ತೈದು ಕೆಜಿ ಅಕ್ಕಿ ಮೂಟೆ ಇಟ್ಟು ನೋಡಿ, ಇಪ್ಪತ್ಮೂರೂವರೆಯ ಹತ್ತಿರ ತೋರಿಸುತ್ತದೆ. ನನಗೆ ಇದು ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಅವಳು ಮೊದಲಿನಿಂದಲೂ ನಲವತ್ತಾರೇ ಇದ್ದಳು. ನಲವತ್ತಾರರಲ್ಲೇ ಬೆಟ್ಟಗಳನ್ನೆಲ್ಲ ಗೆದ್ದದ್ದು. ನೀವು ಇಳಿಸಿದ್ದು ಕೊಬ್ಬಲ್ಲ, ನಮ್ಮ ಮಗಳನ್ನೇ ಮೂರು ಕೆಜಿ ಇಳಿಸಿದಿರಿ.

ಇನ್ನೂ ಅನುಮಾನವಿದ್ದರೆ ಹೋದ ವರ್ಷ ಬೆಟ್ಟಕ್ಕೆ ಅವಳು ತೆಗೆದುಕೊಂಡ ಸಮಯ ನೆನಪು ಮಾಡಿಕೊಳ್ಳಿ. ಈ ಸಲ ಹಗುರಾಗಿಯೂ ಅದಕ್ಕಿಂತ ನಿಧಾನವಾಗಿ ಹತ್ತಿದಳು. ಮೊದಲು ಬಂದಳು, ನಿಜ. ಆದರೆ ಹೋದ ವರ್ಷದ ಶಿವಾನಿ ಈ ವರ್ಷದ ಶಿವಾನಿಯನ್ನು ಆ ಬೆಟ್ಟದಲ್ಲಿ ಎಲ್ಲೋ ಹಿಂದೆ ಬಿಟ್ಟು ಹೋಗುತ್ತಿದ್ದಳು. ಹದಿನೆಂಟು ಸೆಕೆಂಡ್ ಎಲ್ಲಿ ಹೋಯಿತೆಂದು ನನ್ನ ಅಡುಗೆಮನೆಯಲ್ಲಿ ಹುಡುಕಬೇಡಿ.

ಬೆಟ್ಟ ಹತ್ತುವವಳು ಇಂಥ ಓಟ ಗೆಲ್ಲಬಹುದೇ ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳಿದರೆ ಗೆಲ್ಲಬಹುದು ಅನ್ನುತ್ತೇನೆ. ಬಯಲಲ್ಲಿ ಸೋಲದಷ್ಟು ಅನ್ನ ಹೊಟ್ಟೆಗೆ ಬಿದ್ದರೆ ಗೆಲ್ಲಬಹುದು.

ಇನ್ನೊಂದು ಮಾತು ಹೇಳಬೇಕು. ಅವಳಿಗೆ ಎರಡು ತಿಂಗಳಿಂದ ಮುಟ್ಟಾಗಿಲ್ಲ. ತಲೆ ಬಾಚಿದರೆ ಕೂದಲು ಹಿಡಿ ಹಿಡಿಯಾಗಿ ಬರುತ್ತದೆ. ನಿನ್ನೆ ಡಾಕ್ಟರಮ್ಮ ನೋಡಿ, ಮೊದಲು ಊಟ, ಸೈಕಲ್ ಆಮೇಲೆ, ಹೀಗೇ ಬಿಟ್ಟರೆ ಮೂಳೆಯೂ ಸವೆಯುತ್ತದೆ ಅಂದರು. ಅಪ್ಪನಿಗೆ ಹೇಳಲು ಅವಳಿಗೆ ನಾಚಿಕೆಯಂತೆ. ನಾನು ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ನೀವು ಕೆಟ್ಟವರೆಂದು ಬರೆಯಲು ಕೂತೆ, ಅದು ಪೂರ್ತಿ ಆಗುತ್ತಿಲ್ಲ. ಟೇಕಲ್ ಸ್ಟೇಷನ್ ರಸ್ತೆಯಲ್ಲಿ ಅವಳ ಪುಟ್ಟ ಸೈಕಲ್ಲಿನ ಸೀಟು ಹಿಡಿದುಕೊಂಡು, ಪಂಚೆ ಎತ್ತಿ ಕಟ್ಟಿ, ಏದುಸಿರು ಬಿಡುತ್ತಾ ಓಡುತ್ತಿದ್ದ ಮನುಷ್ಯನನ್ನೂ ನಾನೇ ನೋಡಿದ್ದೇನೆ. ಅವತ್ತು ಅವಳು ಬಿದ್ದಾಗ ಅವಳಿಗಿಂತ ಮೊದಲು ನಿಮ್ಮ ಕಣ್ಣಲ್ಲಿ ನೀರು ಬಂದಿತ್ತು. ಆ ಮನುಷ್ಯ ಭಾನುವಾರ ಬರುವುದಾದರೆ ಬರಲಿ, ಊಟಕ್ಕೆ ಇಟ್ಟಿರುತ್ತೇನೆ. ತೂಕದ ಮಷೀನು ಹಿಡಿದುಕೊಂಡು ಬರುವ ಪಿ.ಟಿ. ಮೇಷ್ಟ್ರಿಗೆ ಬಾಗಿಲು ತೆಗೆಯುವುದಿಲ್ಲ. ನೀಲಗಿರಿಗೆ ಅವಳನ್ನು ಕಳಿಸುವುದಿಲ್ಲ.

ಇಷ್ಟು ಬರೆದ ಮೇಲೂ ಸಿಟ್ಟು ಇಳಿಯದ,
ತ್ರಿವೇಣಿ

ತಾ.ಕ.: ಕಾಗದ ಮಡಿಸಿ ಇಟ್ಟಿದ್ದೆ, ಮನಸ್ಸು ತಡೆಯದೆ ಮತ್ತೆ ಬಿಚ್ಚಿದೆ. ಅಕ್ಕಿ ಮೂಟೆ ಇಟ್ಟು ನೋಡಿದ್ದು ನಾನಲ್ಲ, ಶಿವಾನಿ. ಅದೂ ಓಟ ಮುಗಿದ ಮೇಲೆ ಅಲ್ಲ. ಮೇ ತಿಂಗಳಲ್ಲೇ, ನೀವು ಊಟ ನಿಲ್ಲಿಸಿದ ವಾರವೇ, ಒಂದು ಮಧ್ಯಾಹ್ನ ಇಲ್ಲಿಗೆ ಬಂದಿದ್ದಾಗ ಮಂಡಿಗೆ ಹೋಗಿ ಕಾಟಾ ಹತ್ತಿದಳಂತೆ. ಅಲ್ಲಿ ಮತ್ತೆ ನಲವತ್ಮೂರು ಬಂತು. ಆಗ ಹಮಾಲಿಗಳ ಅಡುಗೆಗೆ ತಂದಿಟ್ಟಿದ್ದ ಮೂಟೆ ಇಟ್ಟು ನೋಡಿದಳಂತೆ. ನಿನ್ನೆ ಡಾಕ್ಟರ ಹತ್ತಿರದಿಂದ ಬಂದ ಮೇಲೆ ಹೇಳಿದಳು. ನಿಮಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ, ಆ ಆಣೆ ಮುರಿಯುತ್ತಿದ್ದೇನೆ. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ನಲವತ್ಮೂರು ಅಂತ ಅಪ್ಪ ಎಲ್ಲರ ಹತ್ರಾನೂ ಹೇಳ್ಕೊಂಡ್ಬಿಟ್ಟಿದ್ರು ಅಮ್ಮಾ. ಅದು ಸುಳ್ಳು ಅಂತ ಹೇಳೋದಕ್ಕಿಂತ ನಾನೇ ಇಳಿದು ನಿಜ ಮಾಡೋದು ಸುಲಭ ಅನ್ನಿಸ್ತು."