ಎಳ್ಳುಬೆಲ್ಲದ ದಿನ ಆಡಿದ ಮಾತು

ಹುಬ್ಬಳ್ಳಿ
೯ ಮಾರ್ಚ್ ೨೦೨೫, ರವಿವಾರ

ಅವ್ವಾ,

ನಿನಗೂ ಅಪ್ಪನಿಗೂ ನಮಸ್ಕಾರ. ತೀರ್ಥರೂಪ, ಮಾತೋಶ್ರೀ, ಸಾಷ್ಟಾಂಗ ಎಂದೆಲ್ಲ ಬರೆಯುವುದು ನಿನ್ನ ಕಾದಂಬರಿಯ ಹುಡುಗಿಯರಿಗೇ ಇರಲಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನ ಕೈಗೆ ಅದು ಒಗ್ಗುವುದಿಲ್ಲ. ಫೋನು ಬಿಟ್ಟು ಕಾಗದ ಯಾಕೆ ಅನಿಸಬಹುದು. ಫೋನಿನಲ್ಲಾದರೆ ಮೊದಲು ನೀನು ಅಳುತ್ತೀ, ಆಮೇಲೆ ನಾನು ಸೋಲುತ್ತೇನೆ. ಕಾಗದದಲ್ಲಿ ಅಷ್ಟು ಲಗೂ ಸೋಲಲಾಗುವುದಿಲ್ಲ.

ಮೊದಲು ಕೆಲಸದ ಮಾತು. ಈ ವಾರದ ಕಂತನ್ನು ನೀನು ಫೋನಿನಲ್ಲಿ ಹೇಳಿ ಕಳಿಸಿದ್ದನ್ನು ಕೇಳಿದೆ, ಟೈಪು ಮಾಡಿ ವಾರಪತ್ರಿಕೆಗೆ ಕಳಿಸಿಯೂ ಆಯಿತು. ನಿನ್ನ ಮಣಿಕಟ್ಟು ನೋಯತೊಡಗಿದಾಗಿನಿಂದ ನೀನು ಹೇಳುವುದು, ನಾನು ಟೈಪು ಮಾಡುವುದು ನಡೆದೇ ಇದೆ, ಮದುವೆಯಾದ ಮೇಲೂ ತಪ್ಪಿಸಿಲ್ಲ. ಅಂತೂ ನಿನ್ನ ನಾಯಕ ಬಾಯಿ ಬಿಟ್ಟ. ಇಷ್ಟು ತಿಂಗಳು ಹೆಂಡತಿಯ ಮುಖ ನೋಡದವನು ಅವಳ ಕೋಣೆಯ ಹೊರಗೆ ನಿಂತು ಒಂದು ಮಾತು ಆಡುತ್ತಾನೆ, ಅವಳು ಚಿಲಕ ತೆಗೆಯುತ್ತಾಳೆ. ಧಾರವಾಡದ ಸುಭಾಸ ರಸ್ತೆಯಲ್ಲಿ ನಿನ್ನ ಓದುಗರು ನಿನ್ನನ್ನು ತರುಬಿ ಕೈಹಿಡಿದುಕೊಂಡು ಅಳುತ್ತಾರೆ, ನೋಡುತ್ತಿರು. ನಾನೂ ಅತ್ತೆ. ಯಾಕೆ ಎನ್ನುವುದಕ್ಕೇ ಈ ಕಾಗದ.

ನಿನಗೆ ಗೊತ್ತಿದ್ದದ್ದನ್ನೇ ಬರೆಯುತ್ತೇನೆ, ಯಾಕೆಂದರೆ ನಾವಿಬ್ಬರೂ ಇದನ್ನು ಬಾಯಿಬಿಟ್ಟು ಆಡಿಲ್ಲ. ಹೋದ ಶ್ರಾವಣದಲ್ಲಿ ನನ್ನ ಐದು ತಿಂಗಳ ಬಸಿರು ಹೋಯಿತು. ದವಾಖಾನೆಯಿಂದ ಮನೆಗೆ ಬಂದ ದಿನವೇ ಕಪಿಲ ಮಾತು ಬಿಟ್ಟ. (ಗಂಡನನ್ನು ಇವರು, ಅವರು ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ. ಬೈಯಬೇಡ.) ಬೈಯಲಿಲ್ಲ, ಹೊಡೆಯಲಿಲ್ಲ, ಅದನ್ನೇ ನೀನು ಎಷ್ಟು ಸಲ ಹೇಳಿದ್ದೀಯೋ, ಕುಡಿಯೂದಿಲ್ಲ, ಕೈ ಎತ್ತೂದಿಲ್ಲ, ಮತ್ತೇನು ಬೇಕು ಅಂತ. ಹಾಲಿನವನ ಜೊತೆ ನಗುತ್ತಿದ್ದ. ಗೆಳೆಯರ ಫೋನು ಬಂದರೆ ತಾಸುಗಟ್ಟಲೆ ಹರಟುತ್ತಿದ್ದ. ಫೋನಿಟ್ಟ ಕೂಡಲೆ ನನ್ನ ಪಾಲಿಗೆ ಗೋಡೆ. ಊಟಕ್ಕೆ ಕೂತಾಗ ಉಪ್ಪು ಬೇಕಾದರೆ ನನ್ನನ್ನು ಕೇಳದೆ ತಾನೇ ಎದ್ದು ಹೋಗಿ ತರುತ್ತಿದ್ದ. ನಮ್ಮ ಶಾಲೆಯ ವಿಜ್ಞಾನದ ಟೀಚರು ರುಕ್ಸಾನಾ ಮಧ್ಯಾಹ್ನ ಡಬ್ಬಿ ಬಿಚ್ಚಿ, ಇವತ್ತೇನು ಪಲ್ಯ ತಂದೀರಿ ಎಂದು ಕೇಳಿದರೆ ನನಗೆ ಕಣ್ಣು ತುಂಬುತ್ತಿತ್ತು. ಒಬ್ಬರಾದರೂ ನನ್ನನ್ನು ಏನೋ ಕೇಳಿದರಲ್ಲ ಎಂದು.

ದೀಪಾವಳಿಗೆ ಧಾರವಾಡಕ್ಕೆ ನಿಮ್ಮಲ್ಲಿಗೆ ಬಂದವಳು ತಿರುಗಿ ಹೋಗಲಿಲ್ಲ. ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಕಲಿಸಿ ಬರುತ್ತಿದ್ದೆ. ನೀನು ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಬಂದವರಿಗೆ ಅಳಿಯಂದಿರು ಟ್ರೇನಿಂಗಿಗೆ ಹೋಗಿದ್ದಾರೆ ಎಂದು ನೀನು ಹೇಳುತ್ತಿದ್ದೆ. ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದ ನನಗೂ ಅದು ಖರೇ ಇರಬಾರದೇ ಅನಿಸುತ್ತಿತ್ತು.

ಸಂಕ್ರಾಂತಿಯ ಸಂಜೆ ಕಪಿಲ ಬಂದ. ಅಪ್ಪ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ಕುಸುರೆಳ್ಳಿನ ಡಬ್ಬಿ ಮುಂದೆ ಹಿಡಿದು, ಎಲ್ಲರೂ ಅನ್ನುವುದನ್ನೇ ಅಂದ, ಎಳ್ಳುಬೆಲ್ಲದಾಂಗ ಇರೂಣು ಅಂತ. ಆ ಒಂದು ದಿನ ಹಗೆಯವರು ಕೊಟ್ಟರೂ ಒಲ್ಲೆ ಎನ್ನಬಾರದು. ಕೈಯೊಡ್ಡಿ ಇಸಿದುಕೊಂಡೆ. ಅಷ್ಟಕ್ಕೇ ನಿಂತಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ಅವನು ಮುಂದೆಯೂ ಮಾತಾಡಿದ.

"ಋತು, ನೀ ಅನ್ನಕ್ಕ ನೀರು ಇಡೂಮುಂದ ಕಣ್ಣು ಮುಚ್ಚಿ, ಬೆರಳು ಅದ್ದಿ ಅಳತಿ ನೋಡ್ತಿ. ದೇವರ ಮುಂದ ನಿಂತಾಂಗ ನಿಲ್ತಿ. ಆಗ ನಿನ್ನ ಮಾತಾಡಿಸಬಾರದು ಅಂತ ದೂರ ನಿಂತು ನೋಡ್ತಿದ್ದೆ. ನೋಡೂದರಾಗ ಹೇಳೂದು ಉಳದುಬಿಡ್ತು."

ಅವ್ವಾ, ಹುಟ್ಟಿದಾಗಿನಿಂದ ಯಾರೂ ನನ್ನ ಬಗ್ಗೆ ಹಾಗೆ ಮಾತಾಡಿರಲಿಲ್ಲ. ಯಾರೋ ನನ್ನನ್ನು ಅಷ್ಟು ನೋಡಿದ್ದಾರಲ್ಲ, ಮಾತಾಡದಿದ್ದರೆ ಏನಾಯಿತು ಅನಿಸಿಬಿಟ್ಟಿತು. ಅವತ್ತೇ ಬ್ಯಾಗು ತುಂಬಿಕೊಂಡು ಅವನ ಹಿಂದೆ ಹೊರಟೆ. ನೀನು ನನಗೆ ಉಡಿ ತುಂಬಿ, ಸೆರಗಿನಿಂದ ಕಣ್ಣೊರೆಸಿಕೊಂಡೆ.

ಆ ತಿಂಗಳು ಮುಗಿಯುವ ತನಕ ಮಾತಾಡಿದ. ಶಿವರಾತ್ರಿಗೆ ಮೊದಲೇ ಗೋಡೆ ಮತ್ತೆ ಎದ್ದಿತು. ಈ ಸಲ ಕಾರಣವೇ ಗೊತ್ತಿಲ್ಲ. ಆದರೂ ನಾನು ಸುಮ್ಮನಿದ್ದೆ. ಮಾತಾಡದಿದ್ದರೆ ಏನು, ದೂರ ನಿಂತು ನೋಡುತ್ತಿರುತ್ತಾನೆ ಎಂದುಕೊಂಡೆ. ಅಡಿಗೆಮನೆಯಲ್ಲಿ ನಿಂತಾಗ ಬೆನ್ನ ಹಿಂದೆ ಅವನಿದ್ದಾನೆ ಎಂದೇ ತಿಳಿದು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಹುಚ್ಚಿ ನಾನು.

ಹೋದ ರವಿವಾರ ಕುಕ್ಕರಿಗೆ ನೀರು ಸುರಿಯುವಾಗ ಕೈ ನಿಂತಿತು. ಕುಕ್ಕರಿನ ಜೊತೆ ಬಂದ ಪ್ಲಾಸ್ಟಿಕ್ ಲೋಟ ಕೈಯಲ್ಲಿತ್ತು. ಆ ಮನೆ ಹೊಕ್ಕಂದಿನಿಂದ ನಾನು ಅನ್ನ ಇಟ್ಟದ್ದು ಕರೆಂಟಿನ ಕುಕ್ಕರಿನಲ್ಲಿ, ನೀರು ಅಳೆದದ್ದು ಆ ಲೋಟದಲ್ಲಿ. ಬೆರಳು ಅದ್ದುತ್ತಿದ್ದದ್ದು ನಿನ್ನ ಅಡಿಗೆಮನೆಯಲ್ಲಿ, ನಿನ್ನ ಹಿತ್ತಾಳೆ ಪಾತ್ರೆಯಲ್ಲಿ. ಕಪಿಲ ಆ ಹೊಸ್ತಿಲು ದಾಟಿ ಒಳಗೆ ಬಂದವನೇ ಅಲ್ಲ. ಇಷ್ಟು ಸಾದಾ ಲೆಕ್ಕ, ಗಣಿತದ ಟೀಚರಿಗೆ ಹೊಳೆಯಲಿಲ್ಲ ನೋಡು.

ಹೋಗಿ ಅವನನ್ನೇ ಕೇಳಿದೆ, ನಾನು ಬೆರಳು ಅದ್ದುವುದನ್ನು ನೀವು ಎಲ್ಲಿ ನೋಡಿದಿರಿ ಎಂದು. ಅಷ್ಟು ದಿನದ ಮೇಲೆ ಅವನು ಬಾಯಿ ತೆಗೆದದ್ದು ಅದಕ್ಕೇ.

"ನಿಮ್ಮವ್ವನೇ ಹೇಳಿಕೊಟ್ಟಿದ್ರು. ಫೋನ್ ಮಾಡಿ ಮೂರು ಸರ್ತಿ ನನ್ನ ಕಡಿಂದ ಅನ್ನಿಸಿದ್ರು. ಅಂದೆ, ನೀ ಬಂದಿ. ಮುಗೀತಲ್ಲ."

ನಾಚಿಕೆಯೂ ಇರಲಿಲ್ಲ ಅವನಿಗೆ. ಪದ್ಯ ಒಪ್ಪಿಸಿ ಮುಗಿಸಿದವನ ಹಾಗೆ ಕೂತಿದ್ದ. ನಿಮ್ಮದೇ ಒಂದು ಮಾತು ಆಡಿರಿ, ಬೈಗುಳವಾದರೂ ನಡೆದೀತು ಎಂದು ಕೇಳಿಕೊಂಡೆ. ಟಿವಿಯ ದನಿ ಏರಿಸಿದ. ಹೊಟ್ಟೆಯಲ್ಲಿ ಇಲ್ಲದ್ದು ಬಾಯಿಗೆ ಎಲ್ಲಿಂದ ಬರಬೇಕು?

ಇದಾದ ಮೇಲೆ ಈ ವಾರದ ಕಂತು ಬಂತು. ನಿನ್ನ ನಾಯಕ ಬಾಗಿಲ ಹೊರಗೆ ನಿಂತು ಏನೆನ್ನುತ್ತಾನೆ? ನೋಡುವುದರಲ್ಲಿ ಹೇಳುವುದು ಉಳಿದುಬಿಟ್ಟಿತು ಎನ್ನುತ್ತಾನೆ. ಒಂದೇ ಮಾತನ್ನು ಇಬ್ಬರು ಗಂಡಸರಿಗೆ ಕೊಟ್ಟಿದ್ದೀ, ಅವ್ವಾ. ಟೈಪು ಮಾಡುವವಳು ನಾನೇ ಎನ್ನುವುದು ಮರೆತೇಹೋಯಿತೇ? ಇಲ್ಲವೇ ಅದು ಅಷ್ಟು ಒಳಗಿನ ಮಾತಾಗಿ ತಾನಾಗಿಯೇ ಬಂತೇ?

ನಿನ್ನ ಕಾದಂಬರಿಗಳಲ್ಲಿ ಪ್ರೀತಿ ಎಂದರೆ ಕೊನೆಯ ಕಂತಿನಲ್ಲಿ ಬರುವ ಒಂದು ಮಾತು. ಅದು ಬರುವ ತನಕ ಅವಳು ಏನು ಉಂಡಳು, ಹೇಗೆ ನಿದ್ದೆ ಮಾಡಿದಳು, ಎಷ್ಟು ಸೊರಗಿದಳು, ಯಾರಿಗೂ ಬೇಕಾಗಿಲ್ಲ. ಮಾತು ಬಂತೆಂದರೆ ಹಿಂದಿನದೆಲ್ಲ ಮಾಫಿ. ಟೈಪು ಮಾಡುತ್ತ ಮಾಡುತ್ತ ನಾನೂ ಅದನ್ನೇ ಕಲಿತೆ. ಗಂಡಸರ ಮೌನದ ಒಳಗೆ ಏನೋ ಇರುತ್ತದೆ, ತಾಳಿದರೆ ಹೊರಗೆ ಬರುತ್ತದೆ ಅಂತ. ಕೆಲವರ ಮೌನದ ಒಳಗೆ ಮೌನವೇ ಇರುತ್ತದೆ ಎಂದು ನೀನು ಒಂದರಲ್ಲೂ ಬರೆಯಲಿಲ್ಲ. ನಿನಗೆ ಅದು ಗೊತ್ತಿರಲಿಲ್ಲ ಎಂದು ಹೇಗೆ ನಂಬಲಿ? ಅಪ್ಪ ನಿನ್ನ ಒಂದು ಕಾದಂಬರಿಯನ್ನೂ ಓದಿಲ್ಲ. ಓದಿದ್ದರೆ, ತಾವು ನಿನಗೆ ಏನು ಹೇಳಬೇಕಿತ್ತು ಎನ್ನುವುದಾದರೂ ತಿಳಿಯುತ್ತಿತ್ತು.

ನೀನು ನನ್ನನ್ನು ಮನೆಯಿಂದ ಸಾಗಹಾಕಲು ಹೀಗೆ ಮಾಡಿದೆ ಎನ್ನಲಾರೆ. ಹೆದರಿದ್ದೀ. ಜನರ ಬಾಯಿಗೆ ಹೆದರಿದ್ದೀ, ನಿಮ್ಮಿಬ್ಬರ ಹಿಂದೆ ನಾನು ಒಂಟಿಯಾದೇನೆಂದು ಹೆದರಿದ್ದೀ. ಆದರೆ ಒಂದು ವಾರದಿಂದ ನನ್ನನ್ನು ತಿನ್ನುತ್ತಿರುವುದು ಬೇರೆ. ಆ ಮಾತು ಸುಳ್ಳಲ್ಲ. ನಾನು ಕಣ್ಣು ಮುಚ್ಚಿ ಬೆರಳು ಅದ್ದುತ್ತಿದ್ದಾಗ ಯಾರೋ ದೂರ ನಿಂತು ನೋಡಿದ್ದು ಖರೇ. ಮಾತಾಡಿಸಬಾರದೆಂದು ಸುಮ್ಮನಿದ್ದದ್ದೂ ಖರೇ. ಅದು ನೀನು. ಅಷ್ಟೆಲ್ಲ ನೋಡಿದವಳು ಅದನ್ನು ನನಗೆ ನೀನೇ ಯಾಕೆ ಹೇಳಲಿಲ್ಲ? ಅದಕ್ಕೊಬ್ಬ ಗಂಡಸಿನ ಬಾಯಿ ಯಾಕೆ ಬೇಕಾಯಿತು? ಸಂಕ್ರಾಂತಿಯ ದಿನ ಕುಸುರೆಳ್ಳು ಕೊಟ್ಟು ನೀನೇ ಅಂದಿದ್ದರೆ ನಾನು ನಿನ್ನ ಮನೆ ಬಿಟ್ಟು ಕದಲುತ್ತಿರಲಿಲ್ಲ.

ಮುಂದಿನ ವಾರದಿಂದ ಟೈಪಿಗೆ ಬೇರೆ ಯಾರನ್ನಾದರೂ ನೋಡಿಕೋ. ಸಿಟ್ಟಿನಿಂದ ಅಲ್ಲ. ನಿನ್ನ ಕಥೆ ಕೇಳಿದರೆ ನನಗೆ ಇನ್ನೂ ಆಸೆ ಹುಟ್ಟುತ್ತದೆ, ಅದಕ್ಕೆ. ಕೈಗೆ ಬಿಸಿ ಎಣ್ಣೆ ತಿಕ್ಕಿಕೊಂಡು ಮಲಗು. ಅಪ್ಪನಿಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು, ಅವರು ಕೇಳಲಿಕ್ಕಿಲ್ಲ.

ನಿನ್ನ ಮಗಳು,
ಋತುಜಾ

ತಾ.ಕ.: ಮೇಲೆ ಊರಿನ ಹೆಸರಷ್ಟೇ ಬರೆದಿದ್ದೇನೆ. ಶುಕ್ರವಾರದಿಂದ ನಾನು ಊರಂಚಿನ ಗಬ್ಬೂರಿನಲ್ಲಿ, ರುಕ್ಸಾನಾಳ ಮನೆಯ ಮಹಡಿ ಮೇಲಿನ ಕೋಣೆಯಲ್ಲಿದ್ದೇನೆ. ನಾನು ಮನೆ ಬಿಟ್ಟದ್ದನ್ನು ಕಪಿಲ ನಿನಗೆ ಇನ್ನೂ ತಿಳಿಸಿರಲಾರ. ಮುಂದೆ ಎಂದಾದರೂ ಫೋನು ಮಾಡಿ, ಈ ಸಲ ಏನನ್ನಬೇಕ್ರಿ ಎಂದು ಕೇಳಿದರೆ, ನಿನ್ನ ಕಾಲಿಗೆ ಬೀಳುತ್ತೇನೆ, ಹೇಳಿಕೊಡಬೇಡ. ಅದು ನಿನ್ನ ಮಾತೆಂದು ಮೊದಲ ಶಬ್ದಕ್ಕೇ ಗುರುತು ಹಿಡಿಯುತ್ತೇನೆ. ಗುರುತು ಹಿಡಿದೂ ಚಿಲಕ ತೆಗೆದುಬಿಡುತ್ತೇನೆ.