ಅಕ್ಕನ ಮೇಲೆ ಬರೆದ ವಾಕ್ಯ

ಮನೆಯಿಂದ,
ಮಾರ್ಚ್ 9, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ನಿನ್ನ ಬಾಡಿಗೆ ಕೋಣೆಗೆ ಮೆಟ್ಟಿಲು ಜಾಸ್ತಿ ಅಂತ ಕೇಳಿದೆ. ಕನ್ನಡಕ ಬದಲಾಯಿಸಿದೆಯಾ, ಇಲ್ಲ ಇನ್ನೂ ಸೂಜಿಗೆ ದಾರ ಪೋಣಿಸಲು ಕಿಟಕಿ ಹತ್ತಿರ ಓಡುತ್ತೀಯಾ? ನನ್ನದೊಂದು ಹಾಳು ಬಾಯಿ, ಸೂಜಿಯ ಮಾತು ನಾನು ಎತ್ತಬಾರದಿತ್ತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಹಾಗೆ ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ನಮ್ಮ ಅಚ್ಚುಕೂಟದ ಶಾಲಾ ನಿಘಂಟು ಗೊತ್ತಲ್ಲ, ಎರಡು ವರ್ಷ ತೆವಳಿ ಈಗ 'ಆ' ಅಕ್ಷರಕ್ಕೆ ಬಂದಿದ್ದೇನೆ. ಪ್ರತಿ ಪದಕ್ಕೂ ಅರ್ಥದ ಜೊತೆ ಬಳಕೆಯ ವಾಕ್ಯ ಬೇಕು, ಅದೂ ಕಣ್ಣಾರೆ ಕಂಡ ಬದುಕಿನಿಂದಲೇ ಬರಬೇಕೆಂದು ಸಂಪಾದಕಿಯ ಹಟ. ಕಳೆದ ವಾರ 'ಆಶುತೋಷ' ಬಂತು. ಅರ್ಥ ಸಲೀಸು: ಬೇಗ ಸಮಾಧಾನವಾಗುವ, ಸ್ವಲ್ಪಕ್ಕೇ ಒಲಿಯುವ. ವಾಕ್ಯಕ್ಕೂ ತಡಕಾಡಲಿಲ್ಲ. "ನನ್ನ ಅಕ್ಕ ಆಶುತೋಷ ಸ್ವಭಾವದವಳು, ಎಷ್ಟೇ ಕೋಪವಿದ್ದರೂ ಒಂದು ಪೆಪ್ಪರ್‌ಮಿಂಟಿಗೆ ಎಲ್ಲ ಮರೆಯುತ್ತಾಳೆ" ಎಂದು ಬರೆದು ಬೀಗುತ್ತಾ ಕೊಟ್ಟೆ. ನೀನು ಮನೆ ಬಿಟ್ಟು ಮೂರು ತಿಂಗಳಾದ ಮೇಲೆ ಬರೆದ ವಾಕ್ಯ ಇದು, ನನ್ನ ದಡ್ಡತನ ನೋಡು. ಸಂಪಾದಕಿ ಓದಿ ಒಂದೇ ಮಾತು ಕೇಳಿದರು: "ಮರೀತೀನಿ ಅಂತ ಅವರೇ ಹೇಳಿದ್ರಾ?"

ಹಾಳೆ ವಾಪಸು ಇಸಿದುಕೊಂಡು ನೆನೆಯುತ್ತಾ ಕೂತೆ. ನಿನ್ನ ಹೊಸ ಪುಸ್ತಕದ ಮೇಲೆ ನಾನು ಮಸಿ ಚೆಲ್ಲಿದಾಗ, ನನ್ನ ಓದಿಗೆಂದು ನಿನ್ನ ಮದುವೆ ಮಾತು ಮುಂದೆ ಹೋಗಿ ಹೋಗಿ ನಿಂತೇ ಹೋದಾಗ, ನೀನು ಹೇಳಿದ್ದು ಒಂದೇ: "ಆಯ್ತು ಬಿಡೋ, ಊಟ ಆಯ್ತಾ?" ಹಗಲೆಲ್ಲ ಹೊಲಿದು ನನ್ನನ್ನು ಓದಿಸಿದ ಆ ಹೊಲಿಗೆ ಮೆಷಿನ್ನನ್ನು, ನೀನು ಆಸ್ಪತ್ರೆಗೆ ಹೋದ ಹೊತ್ತು ನೋಡಿ, ನನ್ನ ಮೇಜಿಗೆ ಜಾಗವಿಲ್ಲವೆಂದು ನಮ್ಮ ಬೀದಿಯ ಹುಡುಗಿಯರ ಹಾಸ್ಟೆಲ್ ವಾರ್ಡನ್‌ಗೆ ಕೊಟ್ಟುಬಿಟ್ಟೆ. ನಿನ್ನನ್ನೊಂದು ಮಾತು ಕೇಳಲಿಲ್ಲ. ಸಂಜೆ ನಿನಗೊಂದು ಛತ್ರಿ ತಂದೆ. ನೀನು ನಕ್ಕು ಊಟ ಬಡಿಸಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ವಾರದೊಳಗೆ ನೀನು ಬೇರೆ ಕೋಣೆ ಹಿಡಿದು ಹೋದೆ; ಛತ್ರಿ ಬೆಲೆಚೀಟಿ ಸಮೇತ ಮೊಳೆಯಲ್ಲೇ ನೇತಾಡುತ್ತಿದೆ.

ನಾನು ಅಳುಮುಖ ಮಾಡುತ್ತೇನೆಂದು ನೀನು ಕೋಪ ನುಂಗುತ್ತಿದ್ದೆ. ಅದನ್ನೇ ನಿನ್ನ ಸ್ವಭಾವ ಅಂತ ನಿಘಂಟಿಗೆ ಸೇರಿಸಹೊರಟಿದ್ದೆ. ಆ ವಾಕ್ಯ ಹೊಡೆದುಹಾಕಿದೆ ಅಕ್ಕಾ. ಸದ್ಯಕ್ಕೆ ಪಕ್ಕದ ಮನೆಯ ನಾಯಿಯ ಮೇಲೆ ಒಂದು ವಾಕ್ಯ ಬರೆದಿದ್ದೇನೆ. ಅದನ್ನೂ ಕೇಳಿಲ್ಲ.

ನಿನ್ನ ನಾದಿನಿ ನೆನಪು ಹೇಳಿದ್ದಾಳೆ. ಅತ್ತೆ ಯಾವಾಗ ಬರ್ತಾಳೆ ಅಂತ ಮಗಳು ದಿನಾ ಪ್ರಾಣ ತಿನ್ನುತ್ತಾಳೆ. ಮಂಡಿಗೆ ಎಣ್ಣೆ ಹಚ್ಚುವುದನ್ನು ತಪ್ಪಿಸಬೇಡ.

ನಿನ್ನ ತಮ್ಮ,
ಮೊಂಡ

ತಾಜಾಕಲಂ: ಅಂಚೆಗೆ ಹೊತ್ತಾಯಿತು, ಮುಖ್ಯ ಮಾತೇ ಮರೆತೆ. ಮರೆತೆ ಅನ್ನುವುದು ಸುಳ್ಳು, ಬರೆಯಲು ಹೆದರಿದ್ದೆ. ವಾರ್ಡನ್ ಮುಂದೆ ತಲೆತಗ್ಗಿಸಿ ನಿಂತು ಮೆಷಿನ್ ವಾಪಸು ತಂದಿದ್ದೇನೆ. ಭಾನುವಾರ ನಾನೇ ಹೊತ್ತು ನಿನ್ನ ಮೆಟ್ಟಿಲು ಹತ್ತುತ್ತೇನೆ. ಅದು ನಿನ್ನ ವಸ್ತು, ಪೆಪ್ಪರ್‌ಮಿಂಟ್ ಅಂದುಕೊಳ್ಳಬೇಡ. ಬಾಗಿಲು ತೆಗೆದವಳೇ ಊಟ ಆಯ್ತಾ ಅಂತ ಕೇಳಲೂ ಬೇಡ, ಮಾಡಿಕೊಂಡೇ ಬರುತ್ತೇನೆ. ಮೊದಲು ಬೈಯಿ.